ಚಿತ್ರದ ಪದರಗಳೂ ದುಡಿಮೆಯ ಮಿತವ್ಯಯವೂ

ಗಣಕಯಂತ್ರದ ತೆರೆಯ ಮೇಲೆ ಚಿತ್ರ ರಚಿಸುವ ಉದ್ಯೋಗವು ಇಂದು ಮಹಾನಗರಗಳಲ್ಲಿ ಅನೇಕ ತರುಣರಿಗೆ ಅನ್ನದ ದಾರಿಯಾಗಿದೆ. ಹೋಟೆಲಿನ ತಿಂಡಿಯ ಪಟ್ಟಿ, ಮದುವೆಯ ಕರೆಯೋಲೆ, ಸಂಘದ ವಾರ್ಷಿಕೋತ್ಸವದ ಕರಪತ್ರ, ಯಕ್ಷಗಾನದ ಭಿತ್ತಿಪತ್ರ, ಇವೆಲ್ಲವೂ ಇಂದು ಆ ತೆರೆಯ ಮೇಲೆಯೇ ರೂಪ ತಾಳುತ್ತವೆ. ಹಗಲು ಗಲ್ಲಾದಲ್ಲೋ ಕಚೇರಿಯಲ್ಲೋ ದುಡಿದು, ರಾತ್ರಿ ಈ ವಿದ್ಯೆಯನ್ನು ಕಲಿಯಬಯಸುವ ನಮ್ಮ ಹುಡುಗರಿಗೆ ಮೊಟ್ಟಮೊದಲು ದೊರೆಯುವ ಉಪದೇಶವೆಂದರೆ, ಹಳೆಯ ಯಂತ್ರದಿಂದ ಕೆಲಸವಾಗದು, ಸಾಲ ಮಾಡಿಯಾದರೂ ಹೊಸದನ್ನು ಕೊಳ್ಳಬೇಕು ಎಂಬುದು. ಈ ಉಪದೇಶದಲ್ಲಿ ಸತ್ಯವು ಅರ್ಧಪಾಲು ಮಾತ್ರ ಇದೆಯೆಂದು ನಾವು ಭಾವಿಸುತ್ತೇವೆ.

ವಿಷಯವನ್ನು ಮೊದಲು ತಿಳಿಯೋಣ. ಇಂತಹ ಚಿತ್ರವು ಒಂದರ ಮೇಲೊಂದು ಹಾಸಿದ ಗಾಜಿನ ಹಾಳೆಗಳಂತೆ ಅನೇಕ ಪದರಗಳಿಂದ ಕೂಡಿರುತ್ತದೆ. ಪ್ರತಿಯೊಂದು ಬಿಂದುವಿಗೂ ಕೆಂಪು, ಹಸುರು, ನೀಲಿ ಎಂಬ ಮೂರು ಬಣ್ಣಗಳ ಅಂಕಿಗಳಿದ್ದು, ಆ ಬಿಂದು ಎಷ್ಟರಮಟ್ಟಿಗೆ ಕೆಳಗಿನದನ್ನು ಮರೆಸುತ್ತದೆಂಬುದನ್ನು ಹೇಳುವ ನಾಲ್ಕನೆಯ ಅಂಕಿಯೊಂದಿರುತ್ತದೆ. ಇದಕ್ಕೆ 'ಆಲ್ಫಾ' ಎಂದು ಹೆಸರು. 1970ರ ದಶಕದ ಕೊನೆಯಲ್ಲಿ ಅಮೆರಿಕೆಯ ನ್ಯೂಯಾರ್ಕ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯಲ್ಲಿ ಎಡ್ ಕ್ಯಾಟ್ಮುಲ್ ಮತ್ತು ಆಲ್ವಿ ರೇ ಸ್ಮಿತ್ ಎಂಬವರು ಇದನ್ನು ರೂಪಿಸಿದರು. 1984ರಲ್ಲಿ ಥಾಮಸ್ ಪೋರ್ಟರ್ ಮತ್ತು ಟಾಮ್ ಡಫ್ ಎಂಬವರು ಪದರಗಳನ್ನು ಬೆರೆಸುವ ಗಣಿತಕ್ಕೆ ಶಾಸ್ತ್ರೀಯವಾದ ನೆಲೆಯನ್ನು ಒದಗಿಸಿದರು. ಬಣ್ಣವನ್ನು ಅದರ ಆಲ್ಫಾದಿಂದ ಮೊದಲೇ ಗುಣಿಸಿಟ್ಟರೆ, ಮುಂದೆ ಬೆರೆಸುವಾಗಲೆಲ್ಲ ಆ ಗುಣಾಕಾರವು ಉಳಿಯುತ್ತದೆಂಬುದು ಅವರು ಎತ್ತಿ ತೋರಿದ ಸಂಗತಿಗಳಲ್ಲೊಂದು.

ಈ ಲೆಕ್ಕದ ಗಾತ್ರವಾದರೂ ಎಷ್ಟು? 4000 ಬಿಂದು ಅಗಲ, 3000 ಬಿಂದು ಎತ್ತರದ ಚಿತ್ರವೊಂದರಲ್ಲಿ 1 ಕೋಟಿ 20 ಲಕ್ಷ ಬಿಂದುಗಳಿರುತ್ತವೆ. ಹತ್ತು ಪದರಗಳಾದರೆ 12 ಕೋಟಿ ಬೆರಕೆಗಳಾದವು. ಕುಂಚವನ್ನು ಎಳೆದಂತೆಲ್ಲ ಚಿತ್ರವೂ ಒಡನೆಯೇ ಬದಲಾಗಬೇಕಾದರೆ, ಸೆಕೆಂಡಿಗೆ 60 ಸಲ ತೆರೆಯನ್ನು ಹೊಸದಾಗಿ ಬರೆಯಬೇಕು. ಅಂದರೆ ಸೆಕೆಂಡಿಗೆ 720 ಕೋಟಿ ಬೆರಕೆಗಳು! ಯಂತ್ರವು ತಡವರಿಸುವುದರಲ್ಲಿ ಆಶ್ಚರ್ಯವೇನು?

ಆದರೆ ಇಷ್ಟೆಲ್ಲ ಕೆಲಸವನ್ನು ಮಾಡಲೇಬೇಕೆ ಎಂಬುದೇ ನಿಜವಾದ ಪ್ರಶ್ನೆ. ರೋಜುವಹಿ ಬರೆಯುವ ಗುಮಾಸ್ತನು ಪ್ರತಿದಿನವೂ ವರ್ಷಾರಂಭದಿಂದ ಕೂಡಿಸುತ್ತಾ ಬರುವುದಿಲ್ಲ. ನಿನ್ನೆಯ ಅಖೈರು ಶಿಲ್ಕನ್ನು ಇಂದಿನ ಆರಂಭದ ಶಿಲ್ಕಾಗಿ ಬರೆದುಕೊಂಡು ಮುಂದುವರಿಯುತ್ತಾನೆ. ಪದರಗಳ ವಿಷಯದಲ್ಲಿಯೂ ಹೀಗೆಯೇ. ಏಳನೆಯ ಪದರದಲ್ಲಿ ಕೆಲಸ ನಡೆದಿರುವಾಗ ಕೆಳಗಿನ ಆರೂ ಬದಲಾಗುವುದಿಲ್ಲವಾದ್ದರಿಂದ, ಅವುಗಳ ಮೊತ್ತವನ್ನು ಒಮ್ಮೆ ತೆಗೆದಿಟ್ಟರೆ ಸಾಕು. ಮೇಲಿನ ಮೂರು ಪದರಗಳೂ ಸಾಧಾರಣ ಬೆರಕೆಯವಾದರೆ ಅವನ್ನೂ ಒಂದಾಗಿ ಕೂಡಿಸಿಡಬಹುದು. ಕೆಳಗಿನ ಬಣ್ಣದೊಡನೆ ಗುಣಿಸಿಕೊಳ್ಳುವಂತಹ ವಿಶೇಷ ಬೆರಕೆಗಳಿದ್ದಲ್ಲಿ ಮಾತ್ರ ಇದು ಸಲ್ಲದು. ಹತ್ತು ಪದರಗಳ ಹೊರೆಯು ಹೀಗೆ ಮೂರಕ್ಕೆ ಇಳಿಯುತ್ತದೆ.

ಎರಡನೆಯ ಉಳಿತಾಯವು ಇದಕ್ಕಿಂತಲೂ ದೊಡ್ಡದು. ಚಿತ್ರವನ್ನು 64 ಬಿಂದುಗಳ ಚೌಕಗಳಾಗಿ ವಿಂಗಡಿಸಿ, ಕುಂಚವು ತಾಗಿದ ಚೌಕಗಳನ್ನಷ್ಟೇ ಪುನಃ ಲೆಕ್ಕ ಹಾಕಿದರಾಯಿತು. ನಾಲ್ಕು ಚೌಕಗಳು ತಾಗಿದವೆನ್ನೋಣ. ಅವುಗಳಲ್ಲಿರುವ ಬಿಂದುಗಳು 16,384. ಇಡೀ ಚಿತ್ರದ ಏಳುನೂರರಲ್ಲಿ ಒಂದು ಪಾಲೂ ಇದಾಗುವುದಿಲ್ಲ. ಒಂದು ಮೇಜಿನ ಮೇಲೆ ಚಹಾ ಚೆಲ್ಲಿದರೆ ಇಡೀ ಹೋಟೆಲನ್ನು ತೊಳೆಯುವವರುಂಟೆ? ಇದಲ್ಲದೆ, ಪೂರ್ಣ ಪಾರದರ್ಶಕವಾದ ಬಿಂದುವನ್ನು ದಾಟಿಬಿಡಬಹುದು. ಸಾಧಾರಣ ಬೆರಕೆಯಲ್ಲಿ, ಕೆಳಗಿನದನ್ನು ಪೂರ್ತಿ ಮರೆಸುವ ಬಿಂದುವನ್ನು ಗುಣಾಕಾರವಿಲ್ಲದೆ ಹಾಗೆಯೇ ನಕಲು ಮಾಡಬಹುದು.

ಆದರೆ ವೇಗದ ಹೆಸರಿನಲ್ಲಿ ಲೆಕ್ಕವನ್ನು ಕೆಡಿಸುವುದನ್ನು ನಾವು ಒಪ್ಪಲಾರೆವು. ಸಾಮಾನ್ಯವಾಗಿ ಈ ಅಂಕಿಗಳು 0ಯಿಂದ 255ರವರೆಗೆ ಇರುವುದರಿಂದ ಗುಣಿಸಿದ ಮೇಲೆ 255ರಿಂದ ಭಾಗಿಸಬೇಕು. ಯಂತ್ರಕ್ಕೆ ಇದು ನಿಧಾನದ ಕೆಲಸ. 256ರಿಂದ ಭಾಗಿಸುವುದು ಬಹು ಸುಲಭ. ಆತುರದವರು 256ರಿಂದಲೇ ಭಾಗಿಸಿಬಿಡುತ್ತಾರೆ. ಪರಿಣಾಮವೇನು? 255ನ್ನು 255ರಿಂದ ಗುಣಿಸಿದಾಗ ಬರಬೇಕಾದ 255ರ ಬದಲು 254 ಬರುತ್ತದೆ. ಹತ್ತು ಸಲ ಹೀಗಾದರೆ ಅಚ್ಚ ಬಿಳುಪು 245ಕ್ಕೆ ಇಳಿದು ಮಾಸುತ್ತದೆ. ದಿನಕ್ಕೊಂದು ಪೈಸೆ ತಪ್ಪುವ ಲೆಕ್ಕವನ್ನು ಯಾವ ಧಣಿಯೂ ಸಹಿಸನು. ಸರಿಯಾದ ಉಪಾಯವೂ ಇದೆ. ಗುಣಲಬ್ಧಕ್ಕೆ 128 ಕೂಡಿಸಿ, ಬಂದುದರ 256ನೆಯ ಭಾಗವನ್ನು ಅದಕ್ಕೇ ಸೇರಿಸಿ, ಪುನಃ 256ರಿಂದ ಭಾಗಿಸಿ ಎರಡೂ ಸಲ ಶೇಷವನ್ನು ಬಿಟ್ಟರೆ ಸರಿಯುತ್ತರವೇ ದೊರೆಯುತ್ತದೆ. 200ನ್ನು 100ರಿಂದ ಗುಣಿಸಿ ಪರೀಕ್ಷಿಸಬಹುದು: 20,128ಕ್ಕೆ 78 ಸೇರಿ 20,206, ಅದನ್ನು 256ರಿಂದ ಭಾಗಿಸಲು 78. ನೇರವಾಗಿ ಭಾಗಿಸಿದರೂ ಅದೇ.

ಯಂತ್ರಗಳ ಸುಧಾರಣೆಯನ್ನು ನಾವು ಹಳಿಯುತ್ತಿಲ್ಲ. 1997ರಲ್ಲಿ ಬಂದ ಇಂಟೆಲ್ ಸಂಸ್ಥೆಯ ಎಂಎಂಎಕ್ಸ್ ವ್ಯವಸ್ಥೆಯು ಇಂತಹ ಎಂಟು ಚಿಕ್ಕ ಅಂಕಿಗಳನ್ನು ಒಮ್ಮೆಲೇ ಕೈಗೆತ್ತಿಕೊಂಡಿತು. 2013ರಲ್ಲಿ ಬಂದ ಎವಿಎಕ್ಸ್2 ವ್ಯವಸ್ಥೆಯಲ್ಲಿ ಆ ಸಂಖ್ಯೆ 32ಕ್ಕೆ ಏರಿತು. ಚಿತ್ರಗಳಿಗೆಂದೇ ಮೀಸಲಾದ ಗ್ರಾಫಿಕ್ಸ್ ಕಾರ್ಡು ಸಾವಿರಾರು ಬಿಂದುಗಳನ್ನು ಜೊತೆಜೊತೆಯಾಗಿ ಬೆರೆಸಬಲ್ಲುದು. ಆದರೆ ಚಿತ್ರವನ್ನು ಅದರ ಸ್ಮೃತಿಕೋಶಕ್ಕೆ ಒಯ್ಯುವುದಕ್ಕೂ ಮರಳಿ ತರುವುದಕ್ಕೂ ಹೊತ್ತು ಹಿಡಿಯುತ್ತದೆ. ಅಡಿಗೆಯವನು ಎಷ್ಟೇ ಚುರುಕಾಗಿರಲಿ, ತಟ್ಟೆ ಒಯ್ಯುವವನು ನಡುವೆ ನಿಂತರೆ ಗಿರಾಕಿಗೆ ಪ್ರಯೋಜನವೇನು? ಹೊಸ ಯಂತ್ರ ಬಂದೊಡನೆ ತಂತ್ರಾಂಶ ರಚಿಸುವವರು ಮಿತವ್ಯಯವನ್ನು ಮರೆತು, ತಮ್ಮ ಸೋಮಾರಿತನದ ಬೆಲೆಯನ್ನು ಬಡ ದುಡಿಮೆಗಾರನ ಜೇಬಿನಿಂದ ವಸೂಲು ಮಾಡುವುದಾದರೆ ಅದು ನ್ಯಾಯವಲ್ಲ.

ಆದುದರಿಂದ ನಮ್ಮ ತರುಣರಿಗೆ ಹೇಳುವುದಿಷ್ಟೆ. ಸಾಲಕ್ಕೆ ಕೈಯೊಡ್ಡುವ ಮುನ್ನ ಕೆಲಸದ ಕ್ರಮವನ್ನು ತಿದ್ದಿಕೊಳ್ಳಿರಿ. ಮುಗಿದ ಪದರಗಳನ್ನು, ಒಂದು ಪ್ರತಿಯನ್ನು ಕಾಪಿಟ್ಟುಕೊಂಡು, ಒಂದುಗೂಡಿಸಿರಿ. ಅಂಗುಲಕ್ಕೆ 300 ಬಿಂದು ಸಾಕಾಗುವಲ್ಲಿ 600 ಇಟ್ಟರೆ ಕೆಲಸವು ಎರಡರಷ್ಟಲ್ಲ, ನಾಲ್ಕರಷ್ಟಾಗುತ್ತದೆಂಬುದನ್ನು ನೆನಪಿಡಿರಿ. 1996ರಲ್ಲಿ ಮೊದಲು ಬಿಡುಗಡೆಯಾದ ಜಿಂಪ್‌ನಂತಹ ತಂತ್ರಾಂಶಗಳು ಬಿಟ್ಟಿಯಾಗಿ ದೊರೆಯುತ್ತವೆ. ಅವುಗಳ ಒಳರಚನೆಯನ್ನೂ ಯಾರು ಬೇಕಾದರೂ ಓದಿ ಕಲಿಯಬಹುದು.

ಸಂಘಸಂಸ್ಥೆಗಳ ಹಿರಿಯರಿಗೂ ಒಂದು ಮಾತು. ಹೋಟೆಲ್ ಹುಡುಗರಿಗೆ ಅಕ್ಷರವನ್ನಿತ್ತು ಅವರನ್ನು ಗುಮಾಸ್ತರನ್ನಾಗಿಯೂ ವಕೀಲರನ್ನಾಗಿಯೂ ಮಾಡಿದ ಕೀರ್ತಿ ಮುಂಬಯಿಯ ಕನ್ನಡ ರಾತ್ರಿಶಾಲೆಗಳದು. ಸಂಘದ ಸಭಾಗೃಹದಲ್ಲಿ ನಾಲ್ಕು ಹಳೆಯ ಗಣಕಯಂತ್ರಗಳನ್ನಿರಿಸಿ, ವಾರಕ್ಕೆರಡು ರಾತ್ರಿ ಈ ವಿದ್ಯೆಯನ್ನು ಕನ್ನಡದಲ್ಲಿಯೇ ಕಲಿಸುವುದು ಅಸಾಧ್ಯವೇನಲ್ಲ. ಯಾವ ಗುಂಡಿಯನ್ನು ಒತ್ತಬೇಕೆಂಬುದನ್ನಷ್ಟೇ ಕಲಿತವನು ಯಂತ್ರ ಬದಲಾದಾಗ ಕೆಲಸ ಕಳೆದುಕೊಳ್ಳುತ್ತಾನೆ. ಲೆಕ್ಕವನ್ನು ಅರಿತವನು ಯಾವ ಯಂತ್ರದ ಮುಂದೆಯೂ ಬದುಕಬಲ್ಲನು. ವಾರ್ಷಿಕೋತ್ಸವದ ಖರ್ಚಿನಲ್ಲಿ ಅಲ್ಪಭಾಗವನ್ನಾದರೂ ಈ ಕಾರ್ಯಕ್ಕೆ ತೆಗೆದಿಡಬೇಕೆಂದು ನಾವು ಆಗ್ರಹಪಡಿಸುತ್ತೇವೆ.