ನದಿಯ ಮೇಲಿನ ಪಾಠಶಾಲೆ



ಅಕ್ಷರ ಕಲಿಸಿದವನಿಗೆ 500 ಡಾಲರಿನವರೆಗೆ ದಂಡ, 6 ತಿಂಗಳವರೆಗೆ ಸೆರೆಮನೆ. ಅಮೆರಿಕದ ಮಿಸ್ಸೂರಿ ರಾಜ್ಯದಲ್ಲಿ 1847ರಲ್ಲಿ ಇಂಥ ಕಾನೂನು ಬಂತು. ಕಪ್ಪು ಜನರಿಗೆ ಓದು ಬರಹ ಹೇಳಿಕೊಡುವುದೇ ಅಪರಾಧವಾಯಿತು. ಓದಬಲ್ಲ ಗುಲಾಮ ಕೈಕಟ್ಟಿ ನಿಲ್ಲಲಾರನೆಂದು ಒಡೆಯರಿಗೆ ಚೆನ್ನಾಗಿ ಗೊತ್ತಿತ್ತು.

ಆ ರಾಜ್ಯದ ಸೇಂಟ್ ಲೂಯಿ ಪಟ್ಟಣದಲ್ಲಿ ಜಾನ್ ಬೆರಿ ಮೀಚಮ್ ಎಂಬ ಸಭಾಪಾಲಕನಿದ್ದ. 1789ರಲ್ಲಿ ವರ್ಜೀನಿಯದಲ್ಲಿ ಗುಲಾಮನಾಗಿ ಹುಟ್ಟಿದವನು. ಬಡಗಿ ಕೆಲಸ, ಪೀಪಾಯಿ ಕಟ್ಟುವ ಕೆಲಸ ಕಲಿತು, ಗವಿಯಲ್ಲಿ ಪೆಟ್ಲುಪ್ಪು ತೆಗೆದು, ಬೆವರಿನ ದುಡ್ಡಿನಿಂದ ತನ್ನನ್ನು ತಾನೇ ಕೊಂಡುಕೊಂಡ. ಆಮೇಲೆ ತಂದೆಯನ್ನು ಬಿಡಿಸಿದ. ಹೆಂಡತಿ ಮಕ್ಕಳನ್ನು ಅವರ ಒಡೆಯ ಮಿಸ್ಸೂರಿಗೆ ಒಯ್ದಾಗ, 1815ರಲ್ಲಿ ಕೇವಲ 3 ಡಾಲರ್ ಹಿಡಿದು ಹಿಂದೆಯೇ ಬಂದ. ದುಡಿದು ಅವರನ್ನೂ ಬಿಡಿಸಿದ.

ಮುಂದೆ ಅವನು ಕಪ್ಪು ಜನರ ಬ್ಯಾಪ್ಟಿಸ್ಟ್ ಸಭೆಯ ಪಾಲಕನಾಗಿ, ಗುಡಿಯ ನೆಲಮಾಳಿಗೆಯಲ್ಲಿ ಪಾಠಶಾಲೆ ನಡೆಸಿದ. ಕಾನೂನು ಅದರ ಬಾಗಿಲು ಮುಚ್ಚಿಸಿತು. ಆಗ ಮಿಸಿಸಿಪ್ಪಿ ನದಿಯ ನಡುವೆ ಹಡಗು ನಿಲ್ಲಿಸಿ, ಅದರಲ್ಲಿ ಮಕ್ಕಳಿಗೆ ಪಾಠ ಹೇಳಿದನೆಂದು ಆ ಊರಿನವರು ತಲೆಮಾರಿನಿಂದ ಹೇಳುತ್ತಾ ಬಂದಿದ್ದಾರೆ. ನದಿ ರಾಜ್ಯದ ಕಾನೂನಿಗೆ ಒಳಪಟ್ಟದ್ದಲ್ಲ, ಕೇಂದ್ರ ಸರ್ಕಾರದ್ದು ಎಂಬುದೇ ಆ ಉಪಾಯ.

ಅವನನ್ನು ಸಂತನೆಂದು ಪೂಜಿಸುವುದು ಬೇಡ. ತನ್ನ ಪೀಪಾಯಿ ಕಾರ್ಖಾನೆಗಾಗಿ ಅವನು ಸುಮಾರು 20 ಗುಲಾಮರನ್ನು ಕೊಂಡಿದ್ದ. ಅವರಿಗೆ ಕಸುಬು ಕಲಿಸಿ, ದುಡಿಮೆಯಿಂದ ಬೆಲೆ ತೀರಿಸಿದ ಮೇಲೆ ಬಿಡುಗಡೆ ಕೊಡುವುದು ಅವನ ಕ್ರಮ. ಆದರೂ 1830ರ ದಶಕದಲ್ಲಿ ಜೂಡಿ ಎಂಬ ಹೆಣ್ಣುಮಗಳು ತನ್ನ ಬಿಡುಗಡೆಗಾಗಿ ಅವನ ಮೇಲೆಯೇ ದಾವೆ ಹೂಡಬೇಕಾಯಿತು. ಒಳ್ಳೆಯ ಒಡೆಯನೂ ಒಡೆಯನೇ. ದಯೆಯಿಂದ ಬಂದದ್ದನ್ನು ದಯೆ ತೀರಿದ ದಿನ ಕಿತ್ತುಕೊಳ್ಳಬಹುದು. ಹಕ್ಕಿನಿಂದ ಬಂದದ್ದನ್ನು ಹಾಗೆ ಕಿತ್ತುಕೊಳ್ಳಲಾಗದು. ಸಂಘ ಕಟ್ಟುವ ನಾವು ಇದನ್ನು ಮರೆಯಬಾರದು.

ಮೀಚಮ್ 1854ರಲ್ಲಿ ತೀರಿಕೊಂಡ. ಮರುವರ್ಷವೇ ಅವನ ಹೆಂಡತಿ ಮೇರಿ, ಗುಲಾಮರನ್ನು ರಾತ್ರಿ ನದಿ ದಾಟಿಸಲು ಹೋಗಿ ಬಂಧನಕ್ಕೊಳಗಾದಳು. 1865ರಲ್ಲಿ ಮಿಸ್ಸೂರಿಯಲ್ಲಿ ಗುಲಾಮಗಿರಿ ರದ್ದಾಯಿತು. 1866ರಲ್ಲಿ ಕಪ್ಪು ಸೈನಿಕರು ತಮ್ಮ ಸಂಬಳದಿಂದಲೇ ಹಣ ಕೂಡಿಸಿ ಜೆಫರ್ಸನ್ ಸಿಟಿಯಲ್ಲಿ ಲಿಂಕನ್ ವಿದ್ಯಾಸಂಸ್ಥೆಯನ್ನು ತೆರೆದರು. ಒಂದು ಕಾಲಕ್ಕೆ ಅಪರಾಧವಾಗಿದ್ದ ಕೆಲಸವನ್ನು ಕೂಲಿಯವರ ಕಾಸೇ ಎತ್ತಿ ನಿಲ್ಲಿಸಿತು.

ಇಂದು ನಮ್ಮ ಮಕ್ಕಳು ಓದುವುದನ್ನು ಯಾವ ಕಾನೂನೂ ತಡೆಯುವುದಿಲ್ಲ. ಆದರೆ ಸಾಲ ತಡೆಯುತ್ತದೆ; ತಮ್ಮನನ್ನು ನೋಡಿಕೊಳ್ಳಲು ಅಕ್ಕ ಮನೆಯಲ್ಲಿ ಉಳಿಯುವುದು ತಡೆಯುತ್ತದೆ; ‘ನಮಗೇಕೆ ಓದು’ ಎಂಬ ನಮ್ಮದೇ ಮಾತು ತಡೆಯುತ್ತದೆ. ಕೂಲಿ ಚೀಟಿಯನ್ನು ತಾನೇ ಓದಲಾರದವನು ಎಷ್ಟು ಕೈಗೆ ಬಂತೆಂದು ಬೇರೆಯವರನ್ನೇ ಕೇಳಬೇಕು. ಆದುದರಿಂದ ಮುಂದಿನ ಬೇಡಿಕೆ ಪಟ್ಟಿಯಲ್ಲಿ ಕೂಲಿಯ ಮಾತಿನ ಪಕ್ಕದಲ್ಲೇ ಮಕ್ಕಳ ಶಾಲೆಯ ಮಾತನ್ನೂ ಬರೆಯೋಣ. ಪಟ್ಟಿ ಬರೆಯುವ ಕೈ ನಮ್ಮ ಮಗಳದ್ದಾಗಿರಲಿ.