ನೀಲಿ ಗೆರೆ ಬಿತ್ತು, ಉತ್ತರ ಬರಲಿಲ್ಲ

ಮಗಳ ಮದುವೆಗೆ ಒಂದಿಷ್ಟು ದುಡ್ಡು ಬೇಕಿತ್ತು ಎಂದು ನೆಂಟರು ಬಂದು ಕೂತರೆ ನಮ್ಮ ಹಿರಿಯರ ಬಾಯಲ್ಲಿ ‘ಇಲ್ಲ’ ಬರುತ್ತಿರಲಿಲ್ಲ. ‘ನೋಡೋಣ’ ಎನ್ನುತ್ತಿದ್ದರು. ಅದರ ಅರ್ಥ ಕೇಳಿದವರಿಗೂ ಗೊತ್ತು. ಕಾಫಿ ಕುಡಿದು, ಮಳೆ-ಬೆಳೆ ಮಾತಾಡಿ ಎದ್ದು ಹೋಗುತ್ತಿದ್ದರು. ಇಬ್ಬರ ಮರ್ಯಾದೆಯೂ ಉಳಿಯುತ್ತಿತ್ತು. ಅದೇ ಕೋರಿಕೆ ವಾಟ್ಸ್‌ಆ್ಯಪ್‌ನಲ್ಲಿ ಬಂದರೆ? ಓದಿದ ತಕ್ಷಣ ಎರಡು ನೀಲಿ ಗೆರೆ. 2014ರ ನವೆಂಬರ್‌ನಲ್ಲಿ ಬಂದ ಈ ಗುರುತು ‘ನೋಡೋಣ’ಕ್ಕಿದ್ದ ಜಾಗವನ್ನೇ ಕಿತ್ತುಕೊಂಡಿತು. ಮೌನವೇ ಸಮ್ಮತಿ ಎನ್ನುತ್ತಿದ್ದ ನಾಡಿನಲ್ಲಿ ಈಗ ಮೌನವೆಂದರೆ ಸೊಕ್ಕು.

ಜಪಾನಿನ ಕಥೆ ಇನ್ನೂ ವಿಚಿತ್ರ. 2011ರ ಮಾರ್ಚ್‌ನಲ್ಲಿ ಅಲ್ಲಿ ಭೂಕಂಪ, ಸುನಾಮಿ. ಜೂನ್‌ನಲ್ಲಿ ‘ಲೈನ್’ ಆ್ಯಪ್ ಬಂತು. ಓದಿದ ಸಂದೇಶದ ಪಕ್ಕ ‘ಕಿದೊಕು’, ಅಂದರೆ ‘ಓದಿಯಾಗಿದೆ’ ಎಂದು ಮೂಡುತ್ತದೆ. ಉತ್ತರ ಬರೆಯುವ ಸ್ಥಿತಿಯಲ್ಲಿ ಇಲ್ಲದಿದ್ದರೂ ಆ ಮನುಷ್ಯ ಬದುಕಿದ್ದಾನೆ ಎಂದಾದರೂ ತಿಳಿಯಲಿ ಎಂಬುದು ಅದರ ಹಿಂದಿದ್ದ ಆಲೋಚನೆ. ಆದರೆ ಎದುರಿನವರ ಮನಸ್ಸನ್ನು ಹೇಳದೆಯೇ ಅರಿಯಬೇಕು ಎನ್ನುವ ಸಮಾಜವದು. ಕೆಲವೇ ವರ್ಷಗಳಲ್ಲಿ ‘ಕಿದೊಕು ಮುಶಿ’ (ಓದಿಯೂ ಕಡೆಗಣಿಸುವುದು) ಎಂಬ ಆರೋಪವೇ ಹುಟ್ಟಿಕೊಂಡಿತು. ಜೀವವಿದೆ ಎಂದು ತಿಳಿಸಬೇಕಿದ್ದ ಗುರುತು ಸ್ನೇಹ ಮುರಿಯುವ ಸಾಕ್ಷಿಯಾಯಿತು.

ಕೆನಡಾದಲ್ಲಿ ಇಂಥದ್ದೇ ಗೊಂದಲ ಕೋರ್ಟ್ ಮೆಟ್ಟಿಲೇರಿತು. ಸಸ್ಕ್ಯಾಚುವಾನ್ ಪ್ರಾಂತ್ಯದ ರೈತರೊಬ್ಬರಿಗೆ ಖರೀದಿದಾರ ಅಗಸೆಯ ಕರಾರುಪತ್ರದ ಫೋಟೊ ಕಳಿಸಿ, ಖಚಿತಪಡಿಸಿ ಎಂದ. ರೈತ ಹೆಬ್ಬೆರಳೆತ್ತಿದ ಇಮೋಜಿ ಒತ್ತಿದರು. ಅಗಸೆ ಕೊಡಲಿಲ್ಲ, ಅಷ್ಟರಲ್ಲಿ ಬೆಲೆ ಏರಿತ್ತು. ‘ಪತ್ರ ತಲುಪಿತು ಎಂದಷ್ಟೇ ಹೇಳಿದ್ದು’ ಎಂಬುದು ಅವರ ವಾದ. 2023ರಲ್ಲಿ ನ್ಯಾಯಾಲಯ ಒಪ್ಪಲಿಲ್ಲ. 82 ಸಾವಿರ ಡಾಲರ್‌ಗೂ ಹೆಚ್ಚು ತೆರಬೇಕಾಯಿತು. ನ್ಯಾಯಾಧೀಶರು ಹೆಬ್ಬೆರಳನ್ನಷ್ಟೇ ನೋಡಲಿಲ್ಲ ಎಂಬುದು ನನಗೆ ಮುಖ್ಯವಾಗಿ ಕಾಣುತ್ತದೆ. ಹಿಂದಿನ ವ್ಯವಹಾರಗಳಲ್ಲಿ ಅದೇ ರೈತ ‘ಓಕೆ’, ‘ಹ್ಞೂಂ’ ಎಂಬಂಥ ಒಂದೆರಡು ಪದ ಬರೆದೇ ಕರಾರು ಒಪ್ಪಿ, ಮಾಲು ಕೊಟ್ಟಿದ್ದರು. ಅರ್ಥ ಇದ್ದದ್ದು ಚಿತ್ರದಲ್ಲಲ್ಲ, ಆ ಇಬ್ಬರ ರೂಢಿಯಲ್ಲಿ.

ಆ್ಯಪ್ ಕಂಪನಿಗಳು ಮರೆಯುವುದು ಇದನ್ನೇ. ಒಂದೇ ಗುರುತನ್ನು ಜಗತ್ತಿಗೆಲ್ಲ ಹಂಚುತ್ತವೆ, ರೂಢಿಯನ್ನು ಹಂಚಲಾಗದು. ಅದೇ ಹೆಬ್ಬೆರಳನ್ನು ಸೋದರಮಾವನ ಸಂದೇಶಕ್ಕೆ ಒತ್ತಿ ನೋಡಿ! ಒಂದು ‘ಆಯ್ತು ಮಾವ’ ಬರೆಯಲು ಇವನ ಕೈಗೇನಾಗಿದೆ ಎಂದು ಬೇಸರಿಸಿಕೊಳ್ಳುವ ಮಾವಂದಿರು ಈಗಲೂ ಇದ್ದಾರೆ. ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಕುಟ್ಟುವ ಹುಡುಗರೂ ಕೊನೆಗೊಂದು ‘ರೀ’, ‘ಸರ್’ ಬಿಡದೆ ಸೇರಿಸುತ್ತಾರೆ.

ನೀಲಿ ಗೆರೆಯನ್ನು ಸೆಟ್ಟಿಂಗ್ಸ್‌ನಲ್ಲಿ ಆಫ್ ಮಾಡಬಹುದು, ನಿಜ. ಆಫ್ ಮಾಡಿದವರು ಏನೋ ಮುಚ್ಚಿಡುತ್ತಾರೆ ಎಂಬ ಗುಮಾನಿ ಬೇರೆ. ಹಾಗಾಗಿ ನಮ್ಮವರು ಇನ್ನೊಂದು ದಾರಿ ಕಂಡುಕೊಂಡಿದ್ದಾರೆ: ಸಂದೇಶ ತೆರೆಯದೆ ನೋಟಿಫಿಕೇಷನ್‌ನಲ್ಲೇ ಓದಿ ಮುಗಿಸುವುದು. ಸಂಜೆ ಎದುರಾದರೆ ‘ಅಯ್ಯೋ, ಮೆಸೇಜ್ ನೋಡೇ ಇಲ್ಲ ಕಣ್ರೀ’. ಸುಳ್ಳೆಂದು ಕೇಳಿದವರಿಗೂ ಗೊತ್ತು. ಅವರು ಮಳೆಯ ಮಾತು ತೆಗೆಯುತ್ತಾರೆ.