ಗೋದಲಿಯ ಮೂವರು ರಾಜರು
ಭಾಂಡುಪ್‌ನ ಯುವಮಿತ್ರರೇ, ಡಿಸೆಂಬರ್ ಬಂತೆಂದರೆ ನೆರೆಮನೆಯ ಗೋದಲಿ ನೋಡಿ ನಿಮ್ಮೊಳಗೇ ವಾದ ಏಳುತ್ತದೆ: ಬಾಲಯೇಸುವನ್ನು ಕಾಣಲು ಬಂದವರು ಮೂವರು ರಾಜರೇ?

ಬೈಬಲ್‌ನಲ್ಲಿ ಹಾಗಿಲ್ಲ. ಮತ್ತಾಯನ ಸುವಾರ್ತೆಯ 2ನೇ ಅಧ್ಯಾಯ ಬಂದವರ ಸಂಖ್ಯೆಯನ್ನೇ ಹೇಳುವುದಿಲ್ಲ. ಹೆಸರಿಸಿದ ಕಾಣಿಕೆಗಳು ಮಾತ್ರ ಮೂರು: ಚಿನ್ನ, ಧೂಪ, ರಕ್ತಬೋಳ. ಮೂವರೆಂಬ ಲೆಕ್ಕಕ್ಕೆ ಅದೇ ಆಧಾರ. ಅವರು ರಾಜರೆಂದೂ ಅಲ್ಲಿಲ್ಲ. ಹಳೆಯ ಕನ್ನಡ ಬೈಬಲ್ ಅವರನ್ನು 'ಜೋಯಿಸರು' ಎನ್ನುತ್ತದೆ. ಊರಿನಲ್ಲಿ ಅಜ್ಜಿ ನಿಮ್ಮ ಜಾತಕ ತೋರಿಸಿದ್ದು ಯಾರಿಗೆ? ಜೋಯಿಸರಿಗೇ ತಾನೆ! ನಕ್ಷತ್ರ ನೋಡಿ ಹೊರಟು ಬಂದವರಿಗೆ ಇದಕ್ಕಿಂತ ಒಪ್ಪುವ ಹೆಸರುಂಟೇ?

ಡಿಸೆಂಬರ್ 25 ಎಂಬ ತಾರೀಕೂ ಬೈಬಲ್‌ನಲ್ಲಿಲ್ಲ. ನಂಬುವುದು, ಬಿಡುವುದು ಅವರವರ ಮನಸ್ಸು. ಆದರೆ ಗೆಳೆಯನ ಹಬ್ಬವನ್ನು ಗೇಲಿಮಾಡುವ ಮೊದಲು ಆ ಒಂದು ಪುಟವನ್ನಾದರೂ ಕನ್ನಡದಲ್ಲೇ ಓದಿ. ತಡವರಿಸಿದರೆ ಅಮ್ಮನನ್ನು ಕೇಳಿ. ಜೋಯಿಸರೆಂದರೆ ಯಾರೆಂದು ಅವರಿಗೆ ಗೊತ್ತು.